ಹೊಟ್ಟೆ ತುಂಬ ಉಂಡೇ ತೂಕ ಇಳಿಸಲು ಕೊಡಗಿನ ಅಡುಗೆಮನೆಯ ದಾರಿ

ಮಡಿಕೇರಿ: ತೂಕ ಇಳಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಕೈಬಿಡುವುದು ಮನೆಯ ಊಟವನ್ನು. ಅನ್ನದ ಜಾಗಕ್ಕೆ ಓಟ್ಸ್ ಬರುತ್ತದೆ, ರೊಟ್ಟಿಯ ಜಾಗಕ್ಕೆ ಹಸಿ ತರಕಾರಿ ಬರುತ್ತದೆ. ರಾತ್ರಿಯ ಊಟವನ್ನೇ ಬಿಟ್ಟುಬಿಡುವವರೂ ಉಂಟು. ಹದಿನೈದು ದಿನ ಕಳೆಯುವಷ್ಟರಲ್ಲಿ ಹಸಿವು ಗೆಲ್ಲುತ್ತದೆ. ಇಳಿದಿದ್ದ ಎರಡು ಕಿಲೋ ತೂಕ ಮತ್ತೊಂದನ್ನು ಜೊತೆಗೆ ಸೇರಿಸಿಕೊಂಡು ಮರಳುತ್ತದೆ.

ಅಕ್ಕಿ ಹಾಗೂ ಮಾಂಸವೇ ಪ್ರಧಾನವಾದ ಕೊಡಗಿನಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಕಡಂಬುಟ್ಟು, ಪಂದಿ ಕರಿ ಉಣ್ಣುವವರು ತೂಕ ಇಳಿಸುವುದು ಸಾಧ್ಯವೇ ಇಲ್ಲ ಎಂಬ ಮಾತು ಒಂದೆಡೆ. ಇಲ್ಲಿನ ಕಾಚಂಪುಳಿಯ ಹಣ್ಣಿನಲ್ಲೇ ಕೊಬ್ಬು ಕರಗಿಸುವ ಗುಣವಿದೆ ಎಂದು ಸಾರುವ ಮಾತ್ರೆಗಳ ಜಾಹೀರಾತು ಇನ್ನೊಂದೆಡೆ. ಲಭ್ಯವಿರುವ ಸಂಶೋಧನೆಗಳನ್ನು ಮುಂದಿಟ್ಟು ನೋಡಿದರೆ ಇವೆರಡೂ ಪೂರ್ಣ ಸತ್ಯವಲ್ಲ. ತೂಕ ಇಳಿಸುವ ಉಪಾಯ ಕೊಡಗಿನ ಅಡುಗೆಮನೆಯಲ್ಲಿ ಇರುವುದು ನಿಜ. ಆದರೆ ಅದು ಹಬೆಯ ಪಾತ್ರೆಯಲ್ಲಿ, ಮಳೆಗಾಲದ ಸೊಪ್ಪು ತರಕಾರಿಯಲ್ಲಿ ಮತ್ತು ಬಡಿಸುವ ಸೌಟಿನ ಅಳತೆಯಲ್ಲಿದೆ.

ಮೂವರಲ್ಲಿ ಒಬ್ಬರಿಗೆ ಸಮೀಪ

2019-21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ ವಯಸ್ಕ ಮಹಿಳೆಯರು ಹಾಗೂ ಪುರುಷರಲ್ಲಿ ಸುಮಾರು ಶೇ. 30ರಷ್ಟು ಮಂದಿ ಅಧಿಕ ತೂಕ ಅಥವಾ ಬೊಜ್ಜು ಉಳ್ಳವರು. ದೇಶದ ಸರಾಸರಿ ಮಹಿಳೆಯರಲ್ಲಿ ಶೇ. 24, ಪುರುಷರಲ್ಲಿ ಶೇ. 23ರ ಆಸುಪಾಸು. ಅಂದರೆ ನಮ್ಮ ರಾಜ್ಯ ಈ ವಿಷಯದಲ್ಲಿ ದೇಶಕ್ಕಿಂತ ಮುಂದಿದೆ.

ಈ ಸಮೀಕ್ಷೆ ಬಳಸಿದ ಮಾನದಂಡ ದೇಹ ತೂಕ ಸೂಚ್ಯಂಕ 25. ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಈ ಸೂಚ್ಯಂಕ ದೊರೆಯುತ್ತದೆ. ಭಾರತೀಯರಲ್ಲಿ ಕಡಿಮೆ ತೂಕದಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಶೇಖರವಾಗಿ ಮಧುಮೇಹ, ರಕ್ತದೊತ್ತಡಗಳು ಕಾಣಿಸಿಕೊಳ್ಳುವುದರಿಂದ, 2009ರಲ್ಲಿ ದೇಶದ ತಜ್ಞರ ಗುಂಪು 23ರಿಂದಲೇ ಅಧಿಕ ತೂಕವೆಂದು ಪರಿಗಣಿಸಬೇಕೆಂದು ಸೂಚಿಸಿತು. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ದಾಟಿದರೆ ಎಚ್ಚರ ಅಗತ್ಯ. ತಕ್ಕಡಿ ಇಲ್ಲದ ಮನೆಯಲ್ಲೂ ದರ್ಜಿಯ ಟೇಪು ಇರುತ್ತದೆ.

ಕೊಡಗಿನ ಹಿಂದಿನ ತಲೆಮಾರಿಗೆ ಈ ಲೆಕ್ಕ ಬೇಕಿರಲಿಲ್ಲ. ಗದ್ದೆ ಉಳುವುದು, ನಾಟಿ, ಕೊಯ್ಲು, ಬೆಟ್ಟ ಹತ್ತಿ ತೋಟದ ಕೆಲಸ, ಸೌದೆ ಹೊರುವುದು ಇವೆಲ್ಲ ದಿನದ ಭಾಗವಾಗಿದ್ದವು. ಆ ದುಡಿಮೆಗೆ ತಕ್ಕಂತೆ ಆರು ಕಡಂಬುಟ್ಟು ಉಂಡರೂ ದೇಹ ಅದನ್ನು ಸುಟ್ಟು ಹಾಕುತ್ತಿತ್ತು. ಇಂದು ಅನೇಕ ಕಡೆ ಗದ್ದೆಗಳು ಪಾಳು ಬಿದ್ದಿವೆ ಇಲ್ಲವೇ ತೋಟವಾಗಿವೆ. ತೋಟಕ್ಕೆ ಜೀಪು ಹೋಗುತ್ತದೆ. ಮಕ್ಕಳು ಬೆಂಗಳೂರು, ಮೈಸೂರುಗಳ ಕಚೇರಿಗಳಲ್ಲಿ ದಿನವಿಡೀ ಕುರ್ಚಿಯ ಮೇಲೆ ಕುಳಿತಿದ್ದಾರೆ. ದುಡಿಮೆ ಕುಗ್ಗಿತು, ತಟ್ಟೆ ಮಾತ್ರ ಅಜ್ಜನ ಕಾಲದ ಅಳತೆಯಲ್ಲೇ ಉಳಿಯಿತು.

ಹೊಟ್ಟೆ ತುಂಬುವುದು ಯಾವುದರಿಂದ?

ದೇಹ ಖರ್ಚು ಮಾಡುವುದಕ್ಕಿಂತ ಕಡಿಮೆ ಶಕ್ತಿ ಒಳಗೆ ಹೋದರೆ ತೂಕ ಇಳಿಯುತ್ತದೆ. ಇದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕಷ್ಟವಿರುವುದು ಹಸಿವನ್ನು ತಾಳಿಕೊಳ್ಳುವುದರಲ್ಲಿ. ಅಮೆರಿಕದ ಪೆನ್‌ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಪೋಷಣಾ ವಿಜ್ಞಾನಿ ಬಾರ್ಬರಾ ರೋಲ್ಸ್ ಅವರು ಈ ಕಷ್ಟಕ್ಕೆ 'ಶಕ್ತಿ ಸಾಂದ್ರತೆ'ಯ ಮೂಲಕ ಉತ್ತರ ಹುಡುಕಿದರು. ಒಂದು ಗ್ರಾಂ ಆಹಾರದಲ್ಲಿ ಎಷ್ಟು ಕ್ಯಾಲೊರಿ ಇದೆ ಎಂಬುದೇ ಶಕ್ತಿ ಸಾಂದ್ರತೆ. ಮನುಷ್ಯ ಪ್ರತಿ ಊಟದಲ್ಲಿ ಕ್ಯಾಲೊರಿ ಎಣಿಸಿ ತೃಪ್ತನಾಗುವುದಿಲ್ಲ. ತಟ್ಟೆಯಲ್ಲಿರುವ ಪ್ರಮಾಣ ಅವನ ತೃಪ್ತಿಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ನೀರು ಮತ್ತು ನಾರು ಹೆಚ್ಚಿರುವ ಆಹಾರದಿಂದ ಕಡಿಮೆ ಕ್ಯಾಲೊರಿಯಲ್ಲೇ ಹೊಟ್ಟೆ ತುಂಬುತ್ತದೆ. ಊಟಕ್ಕೆ ಮುನ್ನ ತರಕಾರಿ ಸೂಪು ಕುಡಿದವರು ಇಡೀ ಊಟದಲ್ಲಿ ಸುಮಾರು ಶೇ. 20ರಷ್ಟು ಕಡಿಮೆ ಕ್ಯಾಲೊರಿ ಸೇವಿಸಿದ್ದನ್ನು 2007ರಲ್ಲಿ ಪ್ರಕಟವಾದ ಅವರ ತಂಡದ ಅಧ್ಯಯನ ತೋರಿಸಿತು.

ಇದಕ್ಕೂ ಮುನ್ನ, 1995ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 38 ಬಗೆಯ ಆಹಾರಗಳನ್ನು ಸಮಾನ ಕ್ಯಾಲೊರಿಯ ಪ್ರಮಾಣದಲ್ಲಿ ನೀಡಿ, ಯಾವುದರಿಂದ ಹೆಚ್ಚು ಹೊತ್ತು ಹಸಿವು ದೂರವಾಗುತ್ತದೆ ಎಂಬುದನ್ನು ಅಳೆದರು. ಬಿಳಿ ಬ್ರೆಡ್ಡಿಗೆ 100 ಅಂಕ ಕೊಟ್ಟಾಗ, ಬೇಯಿಸಿದ ಆಲೂಗಡ್ಡೆಗೆ 323, ಮೀನಿಗೆ 225, ಕಿತ್ತಳೆಗೆ 202, ಬಿಳಿ ಅನ್ನಕ್ಕೆ 138 ಅಂಕ ದೊರೆಯಿತು. ಬೆಣ್ಣೆ ತುಂಬಿದ ಕ್ರೊಸಾನ್ ಎಂಬ ಬೇಕರಿ ತಿನಿಸಿಗೆ ಬಂದದ್ದು ಕೇವಲ 47. ಕೊಡಗಿನವರಿಗೆ ಚಿರಪರಿಚಿತವಾದ ಕಿತ್ತಳೆ ಈ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲಿದೆ.

ಮನೆಯಡುಗೆಯ ಪರವಾಗಿ ಇನ್ನೊಂದು ಗಟ್ಟಿ ಸಾಕ್ಷ್ಯ 2019ರಲ್ಲಿ ಬಂತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ನೇತೃತ್ವದ ತಂಡ 20 ವಯಸ್ಕರಿಗೆ ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರವನ್ನೂ, ಎರಡು ವಾರ ಅಷ್ಟಾಗಿ ಸಂಸ್ಕರಿಸದ ಆಹಾರವನ್ನೂ ನೀಡಿತು. ಎರಡರಲ್ಲೂ ಸಕ್ಕರೆ, ಕೊಬ್ಬು, ನಾರಿನ ಅಂಶಗಳನ್ನು ಸರಿದೂಗಿಸಲಾಗಿತ್ತು. ಬೇಕಾದಷ್ಟು ಉಣ್ಣುವ ಸ್ವಾತಂತ್ರ್ಯವಿತ್ತು. ಸಂಸ್ಕರಿತ ಆಹಾರದ ದಿನಗಳಲ್ಲಿ ಅವರೇ ತಿಳಿಯದಂತೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದಿದ್ದರು.

ಹಬೆಯೇ ಬಲ

ಈ ಹಿನ್ನೆಲೆಯಲ್ಲಿ ಕೊಡಗಿನ ಅಡುಗೆಯನ್ನು ನೋಡಿದರೆ ಕೆಲವು ಸಂಗತಿಗಳು ಗಮನ ಸೆಳೆಯುತ್ತವೆ. ಇಲ್ಲಿನ ನಿತ್ಯದ ತಿಂಡಿಗಳಲ್ಲಿ ಹೆಚ್ಚಿನವು ಹಬೆಯಲ್ಲಿ ಬೇಯುವಂಥವು. ಅಕ್ಕಿ ತರಿಯನ್ನು ನೀರಿನಲ್ಲಿ ಬೇಯಿಸಿ ಉಂಡೆ ಕಟ್ಟಿ ಹಬೆಗೆ ಇಟ್ಟರೆ ಕಡಂಬುಟ್ಟು. ಬೇಯಿಸಿದ ಹಿಟ್ಟನ್ನು ಒರಳಿನಲ್ಲಿ ಒತ್ತಿದರೆ ನೂಲ್‌ಪುಟ್ಟು. ಅನ್ನ ಮತ್ತು ಅಕ್ಕಿಹಿಟ್ಟನ್ನು ನಾದಿ ಕಾವಲಿಯಲ್ಲಿ ಸುಟ್ಟು, ಕೆಂಡದ ಮೇಲೆ ಉಬ್ಬಿಸಿದರೆ ಅಕ್ಕಿ ಒಟ್ಟಿ. ಇವ್ಯಾವುದಕ್ಕೂ ಎಣ್ಣೆ ಬೇಕಿಲ್ಲ.

ಎಣ್ಣೆ ಇಲ್ಲದಿರುವುದು ಎಷ್ಟು ದೊಡ್ಡ ಲಾಭ ಎಂಬುದಕ್ಕೆ ಲೆಕ್ಕ ಇಲ್ಲಿದೆ. ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನಿನಲ್ಲಿ ಇರುವುದು 4 ಕ್ಯಾಲೊರಿ. ಒಂದು ಗ್ರಾಂ ಕೊಬ್ಬಿನಲ್ಲಿ 9. ಒಂದು ಟೀ ಚಮಚ ಎಣ್ಣೆ ಅಥವಾ ತುಪ್ಪ ಸುಮಾರು 45 ಕ್ಯಾಲೊರಿ. 25 ಗ್ರಾಂ ತರಿಯಿಂದ ಮಾಡಿದ ಒಂದು ಕಡಂಬುಟ್ಟಿನಲ್ಲಿ ಇರುವುದು ಸುಮಾರು 90 ಕ್ಯಾಲೊರಿ. ಅಂದರೆ ಬಾಣಲೆಗೆ ಅಳತೆಯಿಲ್ಲದೆ ಸುರಿಯುವ ಎರಡು ಚಮಚ ಎಣ್ಣೆ ಒಂದು ಕಡಂಬುಟ್ಟಿಗೆ ಸಮ. ಎಣ್ಣೆಯಿಂದ ಹೊಟ್ಟೆ ತುಂಬುವುದಿಲ್ಲ, ಕಡಂಬುಟ್ಟಿನಿಂದ ತುಂಬುತ್ತದೆ.

ಹಾಗೆಂದು ಹಬೆಯ ತಿಂಡಿಗಳೆಲ್ಲ ಒಂದೇ ಅಲ್ಲ. ಪಾಪುಟ್ಟಿಗೆ ಹಾಲು ಮತ್ತು ತೆಂಗಿನತುರಿ ಬೀಳುತ್ತದೆ. ನೂರು ಗ್ರಾಂ ಹಸಿ ತೆಂಗಿನತುರಿಯಲ್ಲಿ 350ರಿಂದ 400 ಕ್ಯಾಲೊರಿ ಇರುವುದರಿಂದ ಪಾಪುಟ್ಟು ವಾರಕ್ಕೊಮ್ಮೆಯ ತಿಂಡಿಯಾಗಿರುವುದು ಒಳ್ಳೆಯದು. ಅಕ್ಕಿ ಒಟ್ಟಿಯ ಮೇಲೆ ತುಪ್ಪ, ಜೇನು ಸುರಿಯುವ ರೂಢಿಗೂ ಇದೇ ಮಾತು ಅನ್ವಯಿಸುತ್ತದೆ. ಜೇನು ಕಾಡಿನದೇ ಆಗಲಿ, ಪೇಟೆಯದೇ ಆಗಲಿ, ನೂರು ಗ್ರಾಂಗೆ ಸುಮಾರು 300 ಕ್ಯಾಲೊರಿ ಇದ್ದೇ ಇರುತ್ತದೆ.

ಮಳೆಗಾಲ ಕೊಡುವ ತರಕಾರಿ

ಕೊಡಗಿನ ಮಳೆಗಾಲದ ಊಟ ತೂಕ ಇಳಿಸುವವರಿಗೆ ಹೇಳಿ ಮಾಡಿಸಿದಂತಿದೆ. ಕಣಿಲೆ ಅಥವಾ ಕಳಲೆ ಎಂದು ಕನ್ನಡದಲ್ಲೂ ಬೈಂಬಳೆ ಎಂದು ಕೊಡವ ಭಾಷೆಯಲ್ಲೂ ಕರೆಯುವ ಎಳೆ ಬಿದಿರಿನಲ್ಲಿ ನೂರು ಗ್ರಾಂಗೆ 30ಕ್ಕೂ ಕಡಿಮೆ ಕ್ಯಾಲೊರಿ. ಕುಮ್ಮು ಎನ್ನುವ ಅಣಬೆಯಲ್ಲಿ ಸುಮಾರು 22. ಕೆಂಬು ಅಂದರೆ ಕೆಸುವಿನ ಎಲೆಯಲ್ಲಿ ಸುಮಾರು 42. ಸಿಹಿಗುಂಬಳದಲ್ಲಿ 26, ಸೌತೆಯಲ್ಲಿ 15. ತೊರೆಯ ಬದಿಯಲ್ಲಿ ಚಿಗುರುವ ತೆರ್ಮೆ ತೊಪ್ಪು ಎಂಬ ಜರಿಗಿಡದ ಕುಡಿಯೂ ಈ ಸಾಲಿಗೆ ಸೇರುತ್ತದೆ. ಕಾಲು ಕಿಲೋ ಕಣಿಲೆ ಅಥವಾ ಅಣಬೆಯ ಒಟ್ಟು ಕ್ಯಾಲೊರಿ ಅರ್ಧ ಬಟ್ಟಲು ಅನ್ನಕ್ಕಿಂತ ಹೆಚ್ಚಲ್ಲ.

ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿದ ಆಹಾರ ಮಾರ್ಗಸೂಚಿಯೂ ತಟ್ಟೆಯ ಅರ್ಧಭಾಗ ತರಕಾರಿ, ಸೊಪ್ಪು, ಹಣ್ಣುಗಳಿಂದ ತುಂಬಿರಬೇಕೆಂದು ಹೇಳುತ್ತದೆ. ಹೈದರಾಬಾದಿನಲ್ಲಿ ಕುಳಿತ ತಜ್ಞರ ಈ ಮಾತನ್ನು ಕೊಡಗಿನ ಮನೆಗಳು ಕಕ್ಕಡ ಮಾಸದಲ್ಲಿ ಹೊಸದಾಗಿ ಕಲಿಯಬೇಕಿಲ್ಲ.

ಆದರೆ ಈ ತರಕಾರಿಗಳನ್ನು ಅಡುಗೆ ಮಾಡುವಾಗ ಹಿರಿಯರ ಕ್ರಮವನ್ನು ಬಿಡಬಾರದು. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಹೆಚ್ಚಿದ ಕಣಿಲೆಯನ್ನು ನೀರಿನಲ್ಲಿ ಎರಡು ಮೂರು ದಿನ ನೆನೆಸಿ, ನೀರು ಬದಲಿಸಿ, ಚೆನ್ನಾಗಿ ಕುದಿಸಿ, ಕುದಿಸಿದ ನೀರನ್ನು ಚೆಲ್ಲುವ ಪದ್ಧತಿ ಆ ವಿಷವನ್ನು ನೀಗಿಸುತ್ತದೆ. ಕೆಸುವಿನ ಎಲೆಯಲ್ಲಿರುವ ಆಕ್ಸಲೇಟ್ ಹರಳು ಗಂಟಲು ತುರಿಸುವುದಕ್ಕೆ ಕಾರಣ. ಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಅದಕ್ಕೇ. ಮೂತ್ರಪಿಂಡದ ಕಲ್ಲು ಇರುವವರು ಕೆಸುವಿನಿಂದ ದೂರವಿರುವುದು ಒಳಿತು. ಥೈರಾಯ್ಡ್ ಸಮಸ್ಯೆ ಇರುವವರು ಕಣಿಲೆಯನ್ನು ನಿತ್ಯದ ಆಹಾರ ಮಾಡಿಕೊಳ್ಳಬಾರದು. ಕಾಡಿನ ಅಣಬೆಯನ್ನು ಗುರುತು ಹಿಡಿಯಲು ಬಲ್ಲವರು ತಂದರಷ್ಟೇ ತಿನ್ನಬೇಕು. ಪೇಟೆಯವರಿಗೆ ಅಂಗಡಿಯ ಅಣಬೆಯೇ ಕ್ಷೇಮ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಕಣಿಲೆ ಕೀಳುವುದು ಕಾನೂನುಬಾಹಿರ ಎಂಬುದನ್ನೂ ಮರೆಯಬಾರದು.

ಕಕ್ಕಡ ಮಾಸದ 18ನೇ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಕೊಡಗಿನ ಮನೆಮನೆಗಳಲ್ಲಿ ಮದ್ದ್ ತೊಪ್ಪಿನ ನೇರಳೆ ಬಣ್ಣದ ರಸದಿಂದ ಪಾಯಸ, ಪುಟ್ಟು ಮಾಡುತ್ತಾರೆ. ಆ ದಿನ ಈ ಸೊಪ್ಪಿನಲ್ಲಿ 18 ಬಗೆಯ ಔಷಧೀಯ ಗುಣ ಕೂಡಿರುತ್ತದೆ ಎಂಬುದು ನಂಬಿಕೆ. ಆಚರಣೆಗೆ ಅದರದೇ ಮಹತ್ವವಿದೆ. ತೂಕದ ಮಟ್ಟಿಗೆ ಹೇಳುವುದಾದರೆ, ಪಾಯಸಕ್ಕೆ ಬೀಳುವ ಬೆಲ್ಲ ಮತ್ತು ತೆಂಗಿನಹಾಲು ಯಾವತ್ತಿನ ಲೆಕ್ಕಕ್ಕೇ ಸೇರುತ್ತವೆ.

ಪಂದಿ ಕರಿ ಬಿಡಬೇಕೆ?

ಈ ಪ್ರಶ್ನೆಗೆ ಉತ್ತರ ಮಾಂಸದ ಯಾವ ಭಾಗ, ಎಷ್ಟು ತುಂಡು ಎಂಬುದನ್ನು ಅವಲಂಬಿಸಿದೆ. ಕೊಬ್ಬು ತೆಗೆದ ಹಂದಿಮಾಂಸ ನೂರು ಗ್ರಾಂಗೆ ಸುಮಾರು 145 ಕ್ಯಾಲೊರಿ ಕೊಡುತ್ತದೆ. ಜೊತೆಗೆ 20 ಗ್ರಾಂನಷ್ಟು ಪ್ರೋಟೀನು. ಹೊಟ್ಟೆಯ ಭಾಗದ ಕೊಬ್ಬಿನ ಮಾಂಸ ಅದೇ ನೂರು ಗ್ರಾಂಗೆ 500ಕ್ಕೂ ಹೆಚ್ಚು ಕ್ಯಾಲೊರಿ ಕೊಡುತ್ತದೆ. ಒಂದೇ ಪಾತ್ರೆಯ ಎರಡು ತುಂಡುಗಳ ನಡುವೆ ಮೂರು ಪಟ್ಟಿಗೂ ಮಿಕ್ಕ ಅಂತರವಿದೆ.

ಪಂದಿ ಕರಿಯ ಸಾಂಪ್ರದಾಯಿಕ ಕ್ರಮದಲ್ಲಿ ಎರಡು ಅನುಕೂಲಗಳಿವೆ. ಇದಕ್ಕೆ ತೆಂಗಿನಕಾಯಿ ರುಬ್ಬಿ ಹಾಕುವುದಿಲ್ಲ. ಹುರಿದ ಜೀರಿಗೆ, ಕೊತ್ತಂಬರಿ, ಕಾಳುಮೆಣಸು, ಸಾಸಿವೆಯ ಪುಡಿಯೇ ರುಚಿಗೆ ಆಧಾರ. ಮಾಂಸ ತನ್ನ ಕೊಬ್ಬಿನಲ್ಲೇ ಬೇಯುವುದರಿಂದ ಬೇರೆ ಎಣ್ಣೆಯೂ ಬೇಕಿಲ್ಲ. ಕೊಬ್ಬು ಕಡಿಮೆ ಇರುವ ಮಾಂಸ ತಂದು, ಹಿಂದಿನ ರಾತ್ರಿಯೇ ಬೇಯಿಸಿ, ಆರಿದ ಬಳಿಕ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿದ ಕೊಬ್ಬನ್ನು ಚಮಚದಿಂದ ತೆಗೆದು ಎಸೆದರೆ ಕ್ಯಾಲೊರಿಯ ದೊಡ್ಡ ಪಾಲು ಅಲ್ಲಿಯೇ ಹೋಗುತ್ತದೆ. ಬಳಿಕ ಮಸಾಲೆ ಪುಡಿ, ಕಾಚಂಪುಳಿ ಸೇರಿಸಿ ಕುದಿಸಿದರೆ ರುಚಿಗೆ ಕೊರತೆಯಾಗದು. ಹೃದ್ರೋಗ, ಕೊಲೆಸ್ಟರಾಲ್ ಸಮಸ್ಯೆ ಇರುವವರಿಗೆ ಕೋಳಿ ಅಥವಾ ಮೀನು ಉತ್ತಮ ಆಯ್ಕೆ. ಅದೇ ಮಸಾಲೆ ಪುಡಿ, ಅದೇ ಹುಳಿ ಅವುಗಳಿಗೂ ಒಗ್ಗುತ್ತದೆ.

ಕಾಚಂಪುಳಿ: ಹುಳಿಯೂ ಮಾತ್ರೆಯೂ

ಮಳೆಗಾಲದಲ್ಲಿ ಉದುರುವ ಪಣಪುಳಿ ಹಣ್ಣಿನ ರಸವನ್ನು ಇಳಿಸಿ, ಗಂಟೆಗಟ್ಟಲೆ ಕುದಿಸಿ, ಕಪ್ಪಗೆ ಮಂದವಾಗಿಸಿದರೆ ಕಾಚಂಪುಳಿ ಸಿದ್ಧ. ಮಲೆನಾಡಿನವರು ಇದೇ ಮರವನ್ನು ಉಪ್ಪಾಗೆ ಎನ್ನುತ್ತಾರೆ. ಕರಾವಳಿಯ ಪುನರ್ಪುಳಿ ಇದರ ಸೋದರ ಸಂಬಂಧಿಯೇ ಹೊರತು ಇದೇ ಅಲ್ಲ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಗಾರ್ಸಿನಿಯಾ ಗುಮ್ಮಿ-ಗುಟ್ಟ. ಹಳೆಯ ಹೆಸರು ಗಾರ್ಸಿನಿಯಾ ಕಾಂಬೋಜಿಯಾ. ಮಾತ್ರೆಯ ಡಬ್ಬಿಗಳ ಮೇಲೆ ಕಾಣುವುದು ಈ ಹಳೆಯ ಹೆಸರೇ.

ಈ ಕಥೆಯ ಆರಂಭ ಮೈಸೂರಿನಲ್ಲಿ. 1965ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅವರು ಈ ಹಣ್ಣಿನ ಪ್ರಧಾನ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂಬುದನ್ನು ಗುರುತಿಸಿದರು. ಪಿಷ್ಟವನ್ನು ಕೊಬ್ಬಾಗಿ ಪರಿವರ್ತಿಸುವ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ ಎಂದು ಬಳಿಕ ಅಮೆರಿಕದ ಪ್ರಯೋಗಾಲಯಗಳಲ್ಲಿ ಕಂಡುಬಂತು. 1970ರ ದಶಕದಲ್ಲಿ ಇಲಿಗಳ ಮೇಲೆ ಪ್ರಯೋಗಗಳಾದವು. ಇಲಿಯಿಂದ ಮನುಷ್ಯನವರೆಗಿನ ದಾರಿಯನ್ನು ವ್ಯಾಪಾರ ಬೇಗನೆ ಕ್ರಮಿಸಿತು. 1990ರ ದಶಕದಲ್ಲಿ ಗಾರ್ಸಿನಿಯಾ ಮಾತ್ರೆಗಳು ಮಾರುಕಟ್ಟೆ ತುಂಬಿದವು.

ವಿಜ್ಞಾನ 1998ರಲ್ಲಿ ಉತ್ತರ ಕೊಟ್ಟಿತು. ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ 135 ಮಂದಿ ಸ್ಥೂಲಕಾಯರನ್ನು ಎರಡು ಗುಂಪು ಮಾಡಿ 12 ವಾರ ಗಮನಿಸಲಾಯಿತು. ಒಂದು ಗುಂಪಿಗೆ ಗಾರ್ಸಿನಿಯಾ, ಇನ್ನೊಂದಕ್ಕೆ ಔಷಧವಿಲ್ಲದ ಪೊಳ್ಳು ಮಾತ್ರೆ. ಇಬ್ಬರಿಗೂ ಹೇಳಿದ್ದು ಒಂದೇ ಪಥ್ಯ: ಕಡಿಮೆ ಕ್ಯಾಲೊರಿ, ಹೆಚ್ಚು ನಾರಿನ ಆಹಾರ. ಗಾರ್ಸಿನಿಯಾ ತೆಗೆದುಕೊಂಡವರು ಸರಾಸರಿ 3.2 ಕಿಲೋ ಇಳಿದರೆ, ಪೊಳ್ಳು ಮಾತ್ರೆಯವರು 4.1 ಕಿಲೋ ಇಳಿದರು. ಈ ಅಂತರ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಣನೀಯವಲ್ಲ. ಆದರೆ ಒಂದು ಸಂಗತಿ ಸ್ಪಷ್ಟ. ಮಾತ್ರೆಯಿಂದ ಲಾಭ ಕಾಣಲಿಲ್ಲ. ತೂಕ ಇಳಿದದ್ದು ಎರಡೂ ಗುಂಪುಗಳಿಗೆ ಸಮಾನವಾಗಿದ್ದ ಪಥ್ಯದ ದಿನಗಳಲ್ಲಿ. 2011ರಲ್ಲಿ ಹಲವು ಅಧ್ಯಯನಗಳನ್ನು ಕಲೆಹಾಕಿ ನೋಡಿದಾಗಲೂ ಮಾತ್ರೆಯ ಲಾಭ ಸರಾಸರಿ ಒಂದು ಕಿಲೋಗಿಂತ ಕಡಿಮೆ ಎಂದು ಕಂಡಿತು. ಕಟ್ಟುನಿಟ್ಟಾದ ಅಧ್ಯಯನಗಳನ್ನಷ್ಟೇ ಪರಿಗಣಿಸಿದಾಗ ಆ ಲಾಭವೂ ಉಳಿಯಲಿಲ್ಲ.

ಹಾನಿಯ ಮಾತು ಬೇರೆ. 2009ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಗಾರ್ಸಿನಿಯಾವೂ ಸೇರಿ ಹಲವು ಸಸ್ಯಸಾರಗಳಿದ್ದ ಜನಪ್ರಿಯ ತೂಕ ಇಳಿಕೆ ಉತ್ಪನ್ನವೊಂದರ ಬಳಕೆಯನ್ನು ತಕ್ಷಣ ನಿಲ್ಲಿಸುವಂತೆ ಎಚ್ಚರಿಸಿತು. ಯಕೃತ್ತಿಗೆ ತೀವ್ರ ಹಾನಿಯಾದ 23 ವರದಿಗಳು ಬಂದಿದ್ದವು, ಒಬ್ಬರು ಮೃತಪಟ್ಟಿದ್ದರು. ಗಾರ್ಸಿನಿಯಾ ಮಾತ್ರೆ ಸೇವಿಸಿದವರಲ್ಲಿ ಯಕೃತ್ತಿನ ಉರಿಯೂತ ಕಾಣಿಸಿಕೊಂಡ ಪ್ರಕರಣಗಳು ಆ ಬಳಿಕವೂ ವೈದ್ಯಕೀಯ ನಿಯತಕಾಲಿಕಗಳಲ್ಲಿ ದಾಖಲಾಗಿವೆ.

ಸಾರಿಗೆ ಬೀಳುವ ಒಂದು ಚಮಚ ಕಾಚಂಪುಳಿ ಬೇರೆ, ದಿನಕ್ಕೆ ಮೂರು ಬಾರಿ ನುಂಗುವ ಸಾಂದ್ರ ಮಾತ್ರೆ ಬೇರೆ. ಕಾಚಂಪುಳಿಯ ನಿಜವಾದ ಉಪಕಾರ ರುಚಿಯದು. ಹುಳಿ, ಮೆಣಸಿನ ಖಾರ ಮುಂದೆ ನಿಂತಾಗ ಎಣ್ಣೆ ತೆಂಗು ಕಡಿಮೆಯಾದದ್ದು ನಾಲಿಗೆಗೆ ಗೊತ್ತಾಗುವುದಿಲ್ಲ.

ನಾಲ್ಕು ಮಂದಿಗೆ ಮೂರು ಅಡುಗೆ

ಕಣಿಲೆ ಕರಿ: ನೆನೆಸಿ, ಕುದಿಸಿ, ನೀರು ಬಸಿದ ಸಣ್ಣಗೆ ಹೆಚ್ಚಿದ ಕಣಿಲೆ 600 ಗ್ರಾಂ. ತೆಂಗಿನತುರಿ 80 ಗ್ರಾಂ, ಒಂದು ಚಮಚ ಸಾಸಿವೆ, ಅರ್ಧ ಚಮಚ ಜೀರಿಗೆ, ನಾಲ್ಕು ಒಣಮೆಣಸು, ಅರಿಶಿನ ರುಬ್ಬಿಕೊಳ್ಳಬೇಕು. ನಾಲ್ಕು ಟೀ ಚಮಚ ಎಣ್ಣೆಯಲ್ಲಿ ಒಗ್ಗರಣೆ ಮಾಡಿ, ಕಣಿಲೆ, ಉಪ್ಪು, ರುಬ್ಬಿದ ಮಸಾಲೆ ಸೇರಿಸಿ ಹತ್ತು ನಿಮಿಷ ಕುದಿಸಬೇಕು. ಒಬ್ಬರ ಪಾಲಿಗೆ ಸುಮಾರು 155 ಕ್ಯಾಲೊರಿ. ಡಬ್ಬಿಯ ಅಥವಾ ಉಪ್ಪುನೀರಿನ ಕಣಿಲೆ ಬಳಸುವವರು ಚೆನ್ನಾಗಿ ತೊಳೆದು ಉಪ್ಪು ತೆಗೆಯಬೇಕು.

ಅಣಬೆ ಮೆಣಸು: ಅಣಬೆ 600 ಗ್ರಾಂ, ಈರುಳ್ಳಿ ಎರಡು, ಬೆಳ್ಳುಳ್ಳಿ ಎಂಟು ಎಸಳು, ಕರಿಬೇವು. ನಾಲ್ಕು ಟೀ ಚಮಚ ಎಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ ಅಣಬೆ ಹಾಕಿದರೆ ಅದು ತಾನೇ ನೀರು ಬಿಡುತ್ತದೆ. ದೊಡ್ಡ ಉರಿಯಲ್ಲಿ ನೀರು ಇಂಗಿಸಿ, ಒಂದೂವರೆ ಚಮಚ ಕಾಳುಮೆಣಸಿನ ಪುಡಿ, ಉಪ್ಪು, ಅರ್ಧ ಚಮಚ ಕಾಚಂಪುಳಿ ಸೇರಿಸಬೇಕು. ಕಾಚಂಪುಳಿ ಸಿಗದವರು ನಿಂಬೆರಸ ಹಿಂಡಬಹುದು. ಪಾಲಿಗೆ ಸುಮಾರು 100 ಕ್ಯಾಲೊರಿ.

ಕುರು ಕರಿ: ರಾತ್ರಿ ನೆನೆಸಿದ ಅವರೆ ಅಥವಾ ಅಲಸಂದೆ ಕಾಳು, ಒಣಗಿದ್ದಾಗ 160 ಗ್ರಾಂ. ಕುಕ್ಕರಿನಲ್ಲಿ ಬೇಯಿಸಿ, ಈರುಳ್ಳಿ, ಟೊಮೆಟೊ, ಹುರಿದ ಕೊತ್ತಂಬರಿ ಜೀರಿಗೆ ಪುಡಿ ಸೇರಿಸಿ ಕುದಿಸಬೇಕು. ದಪ್ಪ ಬರಲು ತೆಂಗಿನ ಬದಲು ಒಂದು ಸೌಟು ಬೆಂದ ಕಾಳನ್ನೇ ಅರೆದು ಬೆರೆಸಿದರೆ ಸಾಕು. ನಾಲ್ಕು ಟೀ ಚಮಚ ಎಣ್ಣೆಯ ಒಗ್ಗರಣೆ. ಪಾಲಿಗೆ ಸುಮಾರು 200 ಕ್ಯಾಲೊರಿ. ಮಾಂಸ ತಿನ್ನದವರಿಗೆ ಪ್ರೋಟೀನಿನ ಮೂಲವೂ ಇದೇ.

ಒಂದು ದಿನದ ತಟ್ಟೆ

ಬೆಳಿಗ್ಗೆ: ಅಕ್ಕಿ ಒಟ್ಟಿ ಎರಡು, ಕುಂಬಳ ಕರಿ ಒಂದು ಬಟ್ಟಲು, ಬೇಯಿಸಿದ ಮೊಟ್ಟೆ ಒಂದು, ಒಂದು ಚಮಚ ಸಕ್ಕರೆಯ ಹಾಲು ಕಾಫಿ. ಸುಮಾರು 485 ಕ್ಯಾಲೊರಿ.

ಮಧ್ಯಾಹ್ನ: ಅನ್ನ 150 ಗ್ರಾಂ, ಕಣಿಲೆ ಕರಿ, ಕೊಬ್ಬು ತೆಗೆದ ಪಂದಿ ಕರಿ ಅಥವಾ ಕೋಳಿ ನಾಲ್ಕೈದು ತುಂಡು (ಹಸಿ ಮಾಂಸ 100 ಗ್ರಾಂ), ಮೊಸರು ಬೆರೆಸಿದ ಸೌತೆಕಾಯಿ ಪಜ್ಜಿ. ಸುಮಾರು 595 ಕ್ಯಾಲೊರಿ.

ಸಂಜೆ: ಕಿತ್ತಳೆ ಒಂದು, ಒಂದು ಚಮಚ ಬೆಲ್ಲದ ಕಪ್ಪು ಕಾಫಿ. ಸುಮಾರು 90 ಕ್ಯಾಲೊರಿ.

ರಾತ್ರಿ: ಕಡಂಬುಟ್ಟು ಎರಡು, ಕುರು ಕರಿ, ಅಣಬೆ ಮೆಣಸು. ಸುಮಾರು 480 ಕ್ಯಾಲೊರಿ.

ಒಟ್ಟು 1,650 ಕ್ಯಾಲೊರಿ; ಎಣ್ಣೆ ನಾಲ್ಕು ಟೀ ಚಮಚ. ಹೆಚ್ಚು ಶ್ರಮವಿಲ್ಲದ ಕೆಲಸ ಮಾಡುವ 65 ಕಿಲೋ ತೂಕದ ಪುರುಷನಿಗೆ ದಿನಕ್ಕೆ 2,110, 55 ಕಿಲೋ ತೂಕದ ಮಹಿಳೆಗೆ 1,660 ಕ್ಯಾಲೊರಿ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕ. ಹಾಗಾಗಿ ಮೇಲಿನ ತಟ್ಟೆಯಿಂದ ಪುರುಷರಿಗೆ ದಿನಕ್ಕೆ ಸುಮಾರು 450 ಕ್ಯಾಲೊರಿ ಕಡಿತವಾಗುತ್ತದೆ. ಮಹಿಳೆಯರು ಇದರಲ್ಲಿ ಒಂದು ಒಟ್ಟಿ, ಒಂದು ಕಡಂಬುಟ್ಟು, 50 ಗ್ರಾಂ ಅನ್ನ ಕಡಿಮೆ ಮಾಡಿಕೊಂಡರೆ 1,390ಕ್ಕೆ ಇಳಿಯುತ್ತದೆ. ಪಲ್ಯ, ಸೊಪ್ಪು, ಪಜ್ಜಿಗಳನ್ನು ಕಡಿತ ಮಾಡಬಾರದು. ಹೊಟ್ಟೆ ತುಂಬಿಸುವುದು ಅವೇ.

ಹೀಗೆ ನಡೆದರೆ ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ಒಂದೂವರೆ ಎರಡು ಕಿಲೋ ಇಳಿಯುವುದನ್ನು ನಿರೀಕ್ಷಿಸಬಹುದು. ತೂಕ ಇಳಿದಂತೆ ದೇಹದ ಖರ್ಚೂ ಕುಗ್ಗುವುದರಿಂದ ವೇಗ ತಗ್ಗುತ್ತದೆ. ಅದು ಸೋಲಲ್ಲ, ಸಹಜ. ಒಟ್ಟು ತೂಕದ ಶೇ. 5ರಿಂದ 10ರಷ್ಟು ಇಳಿದರೂ ರಕ್ತದೊತ್ತಡ ಮತ್ತು ರಕ್ತದ ಸಕ್ಕರೆಯಲ್ಲಿ ಸುಧಾರಣೆ ಕಾಣುತ್ತದೆ. ದಿನಕ್ಕೆ ಅರ್ಧ ಗಂಟೆ ಚುರುಕಿನ ನಡಿಗೆ ಸೇರಿದರೆ ಇಳಿದ ತೂಕವನ್ನು ಉಳಿಸಿಕೊಳ್ಳುವುದು ಸುಲಭ.

ಎಲ್ಲಿ ಎಡವುತ್ತದೆ?

ಮನೆಯಲ್ಲಿ ಅಳೆದು ಉಂಡವರು ಎಡವುವುದು ಹೆಚ್ಚಾಗಿ ಸಮಾರಂಭಗಳಲ್ಲಿ. ಕೈಲ್‌ಪೊಳ್ದ್, ಪುತ್ತರಿ, ಮದುವೆ, ಗೃಹಪ್ರವೇಶ ಹೀಗೆ ಕೊಡಗಿನ ವರ್ಷದಲ್ಲಿ ಔತಣಕ್ಕೆ ಬರವಿಲ್ಲ. ಇಲ್ಲಿನ ಆತಿಥ್ಯದಲ್ಲಿ ಮದ್ಯಕ್ಕೂ ಸ್ಥಾನವಿದೆ. 60 ಮಿ.ಲೀ. ವಿಸ್ಕಿ ಅಥವಾ ರಮ್‌ನಲ್ಲಿ ಸುಮಾರು 140 ಕ್ಯಾಲೊರಿ ಇದೆ. ಎರಡು ಲೋಟ ಮುಗಿಯುವಾಗ ಮೂರು ಕಡಂಬುಟ್ಟಿನಷ್ಟು ಶಕ್ತಿ ಒಳಗೆ ಹೋಗಿರುತ್ತದೆ. ಹಸಿವು ಮಾತ್ರ ಹೆಚ್ಚಿರುತ್ತದೆ. ಜೊತೆಗಿನ ಕರಿದ ಮಾಂಸ, ಕಡಲೆಬೀಜದ ಲೆಕ್ಕ ಬೇರೆ. ಔತಣವನ್ನು ತಪ್ಪಿಸುವ ಬದಲು ಮೊದಲ ಸುತ್ತಿಗೆ ಪಜ್ಜಿ, ಪಲ್ಯ ಹಾಕಿಸಿಕೊಂಡು, ಮಾಂಸವನ್ನು ಒಂದೇ ಬಾರಿ ಬಡಿಸಿಕೊಂಡು, ಎರಡನೇ ಸುತ್ತಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದು ನಡೆಯುವ ಮಾತು.

ಎರಡನೆಯದು ಕಾಫಿ. ಸಕ್ಕರೆ, ಹಾಲಿಲ್ಲದ ಕಾಫಿಯಲ್ಲಿ ಕ್ಯಾಲೊರಿ ಇಲ್ಲವೆನ್ನುವಷ್ಟು ಕಡಿಮೆ. ಆದರೆ ದಿನಕ್ಕೆ ಐದು ಲೋಟ, ಪ್ರತಿ ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ಸಕ್ಕರೆಯೊಂದೇ 200 ಕ್ಯಾಲೊರಿ. ಕಾಫಿ ಬೆಳೆಯುವ ನಾಡಿನಲ್ಲಿ ಕಾಫಿ ಬಿಡಿ ಎನ್ನಲಾಗದು. ಚಮಚ ಒಂದಕ್ಕೆ ಇಳಿಸಬಹುದು.

ಮೂರನೆಯದು ಅಡುಗೆಮನೆಯೊಳಗೇ ನಡೆಯುವಂಥದ್ದು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಗೃಹಿಣಿ, ಪಾತ್ರೆಯಲ್ಲಿ ಉಳಿದದ್ದು ಹಾಳಾಗಬಾರದೆಂದು ತಿನ್ನುತ್ತಾಳೆ. ಪಲ್ಯ ಆ ಹೊತ್ತಿಗೆ ಮುಗಿದಿರುತ್ತದೆ; ಉಳಿದಿರುವುದು ಅನ್ನ ಮತ್ತು ತಳದ ಎಣ್ಣೆ ಸಾರು. ಮನೆಯವರೆಲ್ಲ ಒಟ್ಟಿಗೆ ಕುಳಿತು ಉಣ್ಣುವುದು, ಅಥವಾ ಬಡಿಸುವ ಮುನ್ನವೇ ಅವರ ಪಾಲನ್ನು ತೆಗೆದಿಡುವುದು ಇದಕ್ಕೆ ಪರಿಹಾರ. ಉಳಿದ ಅನ್ನಕ್ಕೆ ಮರುದಿನದ ಅಕ್ಕಿ ಒಟ್ಟಿಯಲ್ಲಿ ಜಾಗ ಇದ್ದೇ ಇದೆ.

ಯಾರು ಎಚ್ಚರ ವಹಿಸಬೇಕು?

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅನ್ನ ರೊಟ್ಟಿ ಕಡಿಮೆ ಮಾಡಿದರೆ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿಯಬಹುದು. ವೈದ್ಯರನ್ನು ಕೇಳಿ ಔಷಧದ ಪ್ರಮಾಣ ಹೊಂದಿಸಿಕೊಳ್ಳಬೇಕು. ಗರ್ಭಿಣಿಯರು, ಎದೆಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು ಕ್ಯಾಲೊರಿ ಕಡಿತಕ್ಕೆ ಕೈಹಾಕಬಾರದು. ಕಾರಣವಿಲ್ಲದೆ ತೂಕ ಏರುತ್ತಿದ್ದರೆ ಥೈರಾಯ್ಡ್ ಪರೀಕ್ಷೆ, ಪ್ರಯತ್ನವಿಲ್ಲದೆ ಇಳಿಯುತ್ತಿದ್ದರೆ ವೈದ್ಯಕೀಯ ತಪಾಸಣೆ ಅಗತ್ಯ. ಗಾರ್ಸಿನಿಯಾ ಮಾತ್ರೆಯನ್ನು ಈಗಾಗಲೇ ಸೇವಿಸುತ್ತಿರುವವರಲ್ಲಿ ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ವಿಪರೀತ ಆಯಾಸ ಕಂಡುಬಂದರೆ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರ ಬಳಿ ತೆರಳಬೇಕು.

ಆರಂಭಿಸುವವರು ಮೊದಲ ವಾರ ಒಂದೇ ಕೆಲಸ ಮಾಡಿದರೆ ಸಾಕು. ತಿಂಗಳಿಗೆ ಮನೆಗೆ ಎಷ್ಟು ಲೀಟರ್ ಎಣ್ಣೆ ಬರುತ್ತದೆ, ಎಷ್ಟು ಮಂದಿ ಉಣ್ಣುತ್ತಾರೆ ಎಂದು ಭಾಗಿಸಿ ನೋಡಬೇಕು. ನಾಲ್ಕು ಮಂದಿಯ ಮನೆಗೆ ದಿನಕ್ಕೆ ತಲಾ ನಾಲ್ಕು ಟೀ ಚಮಚದಂತೆ ತಿಂಗಳಿಗೆ ಸುಮಾರು ಎರಡೂವರೆ ಲೀಟರ್ ಸಾಕು. ನಾಲ್ಕೈದು ಲೀಟರ್ ಮುಗಿಯುತ್ತಿದ್ದರೆ, ಕಡಿತ ಮಾಡಬೇಕಾದದ್ದು ಎಲ್ಲಿಂದ ಎಂಬುದು ಅಲ್ಲಿಗೇ ಗೊತ್ತಾಗುತ್ತದೆ.